ಧರ್ಮಪ್ಪ ಮೇಷ್ಟ್ರ ಹೆಸರಿನಲ್ಲಿ ತಪ್ಪುಗಾಯಿ ಬೇಡ

ಎಲ್ಲರಿಗೂ ನಮಸ್ಕಾರ. ವೇದಿಕೆಯ ಮೇಲಿರುವ ಹಿರಿಯರಿಗೆ, ನಮ್ಮ ಶಾಲೆಯ ಸಹೋದ್ಯೋಗಿಗಳಿಗೆ, ಶಿಕಾರಿಪುರ ಸೊರಬ ಎರಡೂ ಕಡೆಯಿಂದ ಬಸ್ಸು ಹಿಡಿದು, ಬೈಕು ಹತ್ತಿ ಬಂದಿರುವ ಮೇಷ್ಟ್ರ ಶಿಷ್ಯರಿಗೆ — ಮತ್ತು ಮುಂದಿನ ಸಾಲಿನಲ್ಲಿ ಕೂತಿರುವ ಉಚ್ಚಂಗಮ್ಮಕ್ಕ, ನಿಮಗೆ, ನಿಮ್ಮ ಮಗ ಉದಯನಿಗೆ, ಮಗಳು ನಾಗಶ್ರೀಗೆ. ಗಂಡ ತೀರಿಕೊಂಡ ತಿಂಗಳೊಳಗೆ ಹೆಂಗಸು ಹೊಸಿಲು ದಾಟಬಾರದು ಅನ್ನುವವರು ಇನ್ನೂ ಇದ್ದಾರೆ. ನೀವು ದಾಟಿ ಬಂದಿರಿ. ನಿಮಗೆ ನನ್ನ ವಿಶೇಷ ನಮಸ್ಕಾರ ಅಕ್ಕ.

ನಾನು ಪ್ರಮೀಳಾ. ಧರ್ಮಪ್ಪ ಮೇಷ್ಟ್ರು ಹೆಡ್‌ಮಾಸ್ಟರ್ ಆಗಿದ್ದ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು ಅಂತ ನನ್ನ ಶಿಷ್ಯರಿಗೆಲ್ಲ ಗೊತ್ತು. ನೋಡಿ, ಹಿಂದಿನ ಸಾಲಿನಲ್ಲಿ ಆಗಲೇ ನಗುತ್ತಿದ್ದಾರೆ. ನಗಲಿ, ಮೇಷ್ಟ್ರೂ ನಗುತ್ತಿದ್ದರು.

ಇಲ್ಲಿಗೆ ಹತ್ತುವ ಮೊದಲು ಸಂಘಟಕರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಐದು ನಿಮಿಷದಾಗೆ ಮುಗಿಸಿಬಿಡ್ರಿ. ಮತ್ತೆ — ಆ ವಿಷಯ ಒಂದು ಎತ್ತಬ್ಯಾಡ್ರಿ" ಅಂದರು. ಅವರು ಒಳ್ಳೆಯವರು, ಗಲಾಟೆ ಬೇಡ ಅಂತ ಹೇಳಿದರು. ಆದರೆ ನಾನು ಐದು ನಿಮಿಷದಲ್ಲಿ ಮುಗಿಸುವುದಿಲ್ಲ. ಆ ವಿಷಯವನ್ನೂ ಎತ್ತುತ್ತೇನೆ. ಎತ್ತುವುದಕ್ಕೇ ಬಂದಿದ್ದೇನೆ.

ಆ ವಿಷಯ ಏನು ಅಂತ ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ನಾಡಿದ್ದು ಸೋಮವಾರ ಮೇಷ್ಟ್ರ ಊರಿನಲ್ಲಿ ಅವರನ್ನು ಹಿರಿಯರ ಸಾಲಿಗೆ ಸೇರಿಸುವ ಕಾರ್ಯ ಇದೆ. ಹೊಸ ಪಂಚೆ ಇಟ್ಟು, ಎಡೆ ಹಾಕಿ, ಕುಲದೇವರು ಬೀರಪ್ಪನ ಗುಡಿಯಿಂದ ಭಂಡಾರದ ಅರಿಸಿನ ತಂದು ಪೂಜೆ ಮಾಡಬೇಕು. ಅಲ್ಲಿಯವರೆಗೆ ಸತ್ತವರು ಸತ್ತವರು ಮಾತ್ರ. ಆಮೇಲೆ ಅವರು ಹಿರಿಯರು. ಅವರ ಅಪ್ಪ, ತಾತ, ಮುತ್ತಾತ ಇರುವ ಸಾಲಿನಲ್ಲಿ ಅವರಿಗೂ ಒಂದು ಎಡೆ. ಗುಡಿಯ ಯಜಮಾನರು ಈಗ ಹೇಳಿ ಕಳಿಸಿದ್ದಾರೆ — ಭಂಡಾರ ಕೊಡುತ್ತೇವೆ, ಆದರೆ ಮೊದಲು ಮಗ ಗುಡಿಯ ಮುಂದೆ ನಿಂತು ತಪ್ಪುಗಾಯಿ ಒಡೆಯಲಿ. ನಮ್ಮಪ್ಪ ಮಾಡಿದ್ದು ತಪ್ಪಾಯ್ತು ಅಂತ ಊರ ಎದುರು ಹೇಳಿ, ಕಾಯಿ ಒಡೆಯಲಿ.

ಯಾವ ತಪ್ಪು? ಕುಡಿದರಾ? ಯಾರದಾದರೂ ಜಮೀನು ನುಂಗಿದರಾ? ಇಲ್ಲ. ಚರ್ಚಿಗೆ ಹೋಗಿ ಪೂಜೆಯಲ್ಲಿ ಕೂತರು. ಈದ್ಗಾಕ್ಕೆ ಹೋಗಿ ನಮಾಜಿನ ಹೊತ್ತಿನಲ್ಲಿ ನಿಂತರು. ಅದೇ ತಪ್ಪು.

ಆ ಚರ್ಚಿನಲ್ಲಿ ಅವರ ಜೊತೆ ನಾನೂ ಇದ್ದೆ. ಒಂದೇ ಬೆಂಚಿನಲ್ಲಿ ಕೂತಿದ್ದೆ. ಹಾಗಾಗಿ ನಡೆದದ್ದನ್ನು ಹೇಳುವುದು ನನ್ನ ಕೆಲಸ. ಅವರು ಈಗ ಬಂದು ಹೇಳುವ ಹಾಗಿಲ್ಲವಲ್ಲ!

ಮೇಷ್ಟ್ರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ, ಆದರೂ ಒಂದು ಮಾತು. ಕುರಿ ಕಾಯ್ದ ಮನೆತನ. ಹೆಡ್‌ಮಾಸ್ಟರ್ ಆದ ಮೇಲೂ ಬೇಸಿಗೆ ರಜೆಯಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಚಿಕ್ಕಪ್ಪನ ಹಿಂಡಿನ ಜೊತೆ ಹೊರಟುಬಿಡುತ್ತಿದ್ದರು. ಸೋಮವಾರ, ಗುರುವಾರ ಹಣೆಗೆ ಬೀರಪ್ಪನ ಭಂಡಾರ ಹಚ್ಚಿಕೊಳ್ಳದೆ ಶಾಲೆಗೆ ಬಂದವರಲ್ಲ. ಹಣೆ ತುಂಬ ಅರಿಸಿನ, ಬಿಳಿ ಶರ್ಟಿನ ಕಾಲರಿಗೂ ಅರಿಸಿನ. ಉಚ್ಚಂಗಮ್ಮಕ್ಕ ಎಷ್ಟು ಸೋಪು ಖರ್ಚು ಮಾಡಿದ್ದಾರೋ ಆ ಕಾಲರಿಗೆ! ದೇವರನ್ನು ಬಿಟ್ಟ ಮನುಷ್ಯನ ಗುರುತೇನ್ರೀ ಇದು?

ಎಲ್ಲ ಶುರುವಾದದ್ದು ನಮ್ಮ ಸ್ಟಾಫ್ ರೂಮಿನಲ್ಲಿ. ಆ ದಿನ ಯಾವುದೋ ಸಮಾರಂಭದ ತಯಾರಿ. ಕಾರ್ಯಕ್ರಮ ಅಂದಮೇಲೆ ಮೊದಲು ಸರ್ವಧರ್ಮ ಪ್ರಾರ್ಥನೆ ಇರಲೇಬೇಕಲ್ಲ. ನಮ್ಮಲ್ಲಿ ಒಬ್ಬರು ಎರಡು ನಿಮಿಷ ಶ್ಲೋಕ ಹೇಳುವುದು, ನಮ್ಮ ವಿಜ್ಞಾನದ ಥೆರೇಸಾ ಟೀಚರ್ ಎರಡು ನಿಮಿಷ ಬೈಬಲ್ ಓದುವುದು, ಡ್ರಾಯಿಂಗ್ ಮೇಷ್ಟ್ರು ಬುಡನ್ ಸಾಬ್ ಎರಡು ನಿಮಿಷ ಕುರಾನ್ ಹೇಳುವುದು. ಆಮೇಲೆ ಫೋಟೋ. ನಾನು ಹೆಸರು ಬರೆದುಕೊಳ್ಳುತ್ತಿದ್ದೆ. ಮೇಷ್ಟ್ರು ತಲೆ ಎತ್ತಿ, "ಥೆರೇಸಾ ಟೀಚರ್, ನಮ್ಮ ಶಾಲೆ ಗಣಪತಿಗೆ ವರ್ಷಾ ವರ್ಷ ರಂಗೋಲಿ ಹಾಕೋರು ಯಾರು?" ಅಂದರು. "ನಾನೇ ಸರ್." "ತೋರಣ ಕಟ್ಟೋರು?" ಬುಡನ್ ಸಾಬ್ ಕೈ ಎತ್ತಿದರು. "ಮಂಗಳಾರತಿ ಆಗೋ ತನಕ ನಿಂತಿರ್ತೀರಿ, ಹೌದಲ್ಲ?" "ಹೌದು ಸರ್."

ಆಮೇಲೆ ನಮ್ಮ ಕಡೆ ತಿರುಗಿದರು. "ನಾವು ಇವರ ಮನೀಗೆ ಯಾವಾಗ ಹೋಗ್ತೀವಿ? ರಂಜಾನ್ ಬಿರಿಯಾನಿಗೆ ಹೋಗ್ತೀವಿ. ಕ್ರಿಸ್ಮಸ್ ಕೇಕಿಗೆ ಹೋಗ್ತೀವಿ. ಪ್ರಾರ್ಥನೆ ಎಲ್ಲಾ ಮುಗಿದು, ಎಲೆ ಹಾಕಿದ್ ಮೇಲೆ ಹೋಗ್ತೀವಿ. ಊಟದ ಹೊತ್ತಿಗೆ ಹೋಗಾದು ನೆಂಟಸ್ತನ ಅಲ್ಲರೀ. ಅವರು ಕಣ್ಣೀರು ಹಾಕಿ ದೇವರ ಹತ್ರ ಬೇಡ್ಕೊಳ್ಳೋ ಹೊತ್ತಿಗೆ ಹೋಗಿ ಪಕ್ಕದಾಗೆ ಕೂರಬೇಕು."

ಬಿರಿಯಾನಿಯನ್ನು ಎರಡನೆಯ ಸಲ ಹಾಕಿಸಿಕೊಳ್ಳುವವರು ಎಲ್ಲರಿಗಿಂತ ಮೊದಲು ತಲೆ ತಗ್ಗಿಸಿದರು. ಯಾರು ಅಂತ ಹೇಳುವುದಿಲ್ಲ, ಇಲ್ಲೇ ಕೂತಿದ್ದಾರೆ.

ಮಾತು ಆಡಿ ಬಿಟ್ಟವರಲ್ಲ ಧರ್ಮಪ್ಪ ಮೇಷ್ಟ್ರು. ಸ್ವಲ್ಪ ದಿನಕ್ಕೆ ಥೆರೇಸಾ ಟೀಚರ್ ತಾಯಿ ತೀರಿಕೊಂಡರು. ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ತಿಂಗಳು ತುಂಬಿದಾಗ ಅವರ ಹೆಸರಿನಲ್ಲಿ ಚರ್ಚಿನಲ್ಲಿ ಪೂಜೆ ಇತ್ತು. ಸೊರಬದ ಕಡೆ ಒಂದು ಪುಟ್ಟ ಚರ್ಚು. ಟೀಚರ್ ರೂಢಿಯ ಹಾಗೆ, "ಪೂಜೆ ಆದ್ಮೇಲೆ ಊಟಕ್ಕೆ ಬನ್ನಿ" ಅಂತ ಕರೆದರು. ಮೇಷ್ಟ್ರು, "ಪೂಜೆ ಎಷ್ಟೊತ್ತಿಗೆ?" ಅಂತ ಕೇಳಿದರು. ನನ್ನ ಕಡೆ ನೋಡಿ, "ಮೇಡಂ, ಬರ್ರಿ ಹೋಗಾಣ" ಅಂದರು.

ಹೋದೆವು. ಹಣೆ ಮೇಲೆ ಭಂಡಾರ ಹಾಗೇ ಇತ್ತು. ಬಾಗಿಲ ಹತ್ತಿರ ನಾನೇ ಮೆಲ್ಲಗೆ, "ಸರ್, ಅದನ್ನ ಒರೆಸ್ಕೊಳ್ಳೋದಾ?" ಅಂದೆ. "ಯಾಕೆ? ಬಂದೋನು ನಾನಲ್ಲನ? ಬೇರೆ ಯಾರೋ ಬಂದಂಗೆ ಯಾಕೆ ಮಾಡ್ಲಿ?" ಅಂದು ಒಳಗೆ ನಡೆದೇಬಿಟ್ಟರು. ಅಲ್ಲಿ ಒಬ್ಬರಾದರೂ ಆ ಹಣೆಯನ್ನು ಬೇರೆ ಥರ ನೋಡಲಿಲ್ಲ. ಒಬ್ಬ ಅಜ್ಜಿ ಸರಿದು ಬೆಂಚಿನಲ್ಲಿ ಜಾಗ ಕೊಟ್ಟರು.

ಜನ ಎದ್ದಾಗ ಎದ್ದೆವು. ಕೂತಾಗ ಕೂತೆವು. ಮಂಡಿಯೂರಿದಾಗ ಏನು ಮಾಡುವುದೋ ಗೊತ್ತಾಗದೆ ನಾನು ಸೆರಗು ಸರಿಮಾಡಿಕೊಂಡೆ, ಮೇಷ್ಟ್ರು ಕೈಕಟ್ಟಿ ತಲೆ ಬಗ್ಗಿಸಿ ಕೂತರು. ಹಾಡು ಕನ್ನಡದಲ್ಲೇ ಇತ್ತು, ಪೂಜೆಯೂ ಕನ್ನಡದಲ್ಲೇ. ಫಾದರ್ ಟೀಚರ್ ತಾಯಿಯ ಹೆಸರು ಹಿಡಿದು ಪ್ರಾರ್ಥನೆ ಮಾಡಿದಾಗ ಟೀಚರ್ ಬಿಕ್ಕಿದರು. ಮೇಷ್ಟ್ರ ಕಣ್ಣೂ ಒದ್ದೆಯಾಯಿತು. ಬಿರಿಯಾನಿ, ಕೇಕು ತಿಂದ ಇಷ್ಟು ವರ್ಷದಲ್ಲಿ ಟೀಚರ್ ತಮ್ಮ ದೇವರ ಮುಂದೆ ಅಳುವುದನ್ನು ನಾವು ನೋಡಿರಲಿಲ್ಲ.

ಈಗ ಕೇಳಿ. ಇಲ್ಲೇ ಇರುವುದು ಎಲ್ಲ.

ಪೂಜೆ ಮುಗಿಯುತ್ತ ಬಂದಾಗ ಜನ ಎದ್ದು ಸಾಲು ನಿಂತರು. ಫಾದರ್ ಒಬ್ಬೊಬ್ಬರಿಗೂ ಬಿಳೀ ರೊಟ್ಟಿಯ ಹಾಗಿನ ಸಣ್ಣ ಬಿಲ್ಲೆ ಕೊಡುತ್ತಿದ್ದರು. ಪರಮಪ್ರಸಾದ ಅಂತಾರೆ ಅದಕ್ಕೆ. ಪ್ರಸಾದ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, ನಮ್ಮ ಮೇಷ್ಟ್ರು ಎದ್ದರು. ನೀವೇ ಹೇಳಿ, ನಮ್ಮ ಕಡೆ ಪ್ರಸಾದ ಕೊಡುವಾಗ ಕೂತೇ ಇರುವ ಗಂಡಸು ಯಾರಾದರೂ ಇದ್ದಾರಾ? ಬೇಡ ಅಂದರೆ ದೇವರಿಗೂ ಅವಮಾನ, ಮನೆಯವರಿಗೂ ಅವಮಾನ. ಮೇಷ್ಟ್ರು ಸೀದಾ ಹೋಗಿ ಸಾಲಿನಲ್ಲಿ ನಿಂತರು. ತಮ್ಮ ಸರದಿ ಬಂದಾಗ ಬಲಗೈಯನ್ನು ಬಟ್ಟಲು ಮಾಡಿ, ಕೆಳಗೆ ಎಡಗೈ ಇಟ್ಟು — ಹೀಗೆ — ತೀರ್ಥಕ್ಕೆ ಹಿಡಿಯುವ ಹಾಗೆ ಚಾಚಿದರು. ಹಣೆ ತುಂಬ ಭಂಡಾರ!

ಫಾದರ್ ಆ ಹಣೆ ನೋಡಿದರು. ಕೈ ನೋಡಿದರು. ಬಿಲ್ಲೆ ಕೊಡಲಿಲ್ಲ. ಮೇಷ್ಟ್ರ ತಲೆಯ ಮೇಲೆ ಕೈಯಿಟ್ಟು, ದೇವರು ಒಳ್ಳೇದು ಮಾಡಲಿ ಅಂತ ಮೆಲ್ಲಗೆ ಹರಸಿ, ಮುಂದಿನವರ ಕಡೆ ತಿರುಗಿದರು.

ಮೇಷ್ಟ್ರು ಖಾಲಿ ಕೈಯಲ್ಲಿ ಬಂದು ನನ್ನ ಪಕ್ಕ ಕೂತರು. ಮುಖ ಕೆಂಪಗಾಗಿತ್ತು. ನಾನು ಹೇಳುತ್ತಿರುವುದು ನೆನಪಿರಲಿ — ಖಾಲಿ ಕೈ. ನಾನು ನನ್ನ ಕಣ್ಣಾರೆ ನೋಡಿದ್ದೇನೆ.

ಹೊರಗೆ ಬಂದದ್ದೇ ಸಿಟ್ಟು ಒಡೆಯಿತು. "ಏನ್ ಟೀಚರ್, ನಮ್ಮ ಗುಡೀಗೆ ಯಾರು ಬಂದ್ರೂ ಕೈತುಂಬ ಕೊಡ್ತೀವಿ. ನಿಮ್ಮಲ್ಲಿ ಪ್ರಸಾದಕ್ಕೂ ಮುಖ ನೋಡ್ತಾರನ?" ಅಂದರು. ಪಾಪ, ತಾಯಿಯ ಪೂಜೆಯ ದಿನ ಟೀಚರ್‌ಗೆ ಈ ಪಂಚಾಯ್ತಿ. ಅವರು ಸಮಾಧಾನವಾಗಿ ಹೇಳಿದರು: "ಸರ್, ಅದು ಹಂಚೋ ಪ್ರಸಾದ ಅಲ್ಲ. ಅದನ್ನ ತಗೊಂಡ್ರೆ, ಕ್ರಿಸ್ತನೇ ನನ್ನ ದೇವರು, ನಾನು ಈ ಸಭೆಯವನು ಅಂತ ಮಾತು ಕೊಟ್ಟ ಹಾಗೆ. ನೀವು ಆ ಮಾತು ಕೊಡೋಕೆ ಬಂದವರಲ್ಲ ಅಂತ ಫಾದರ್‌ಗೆ ಗೊತ್ತಾಯ್ತು. ನಿಮ್ಮ ಬಾಯಲ್ಲಿ ನಿಮ್ಮದಲ್ಲದ ಮಾತು ಹೇಳಿಸಬಾರದು ಅಂತ ಕೊಡಲಿಲ್ಲ."

ಅದಕ್ಕೆ ಮೇಷ್ಟ್ರು ಹೇಳಿದ್ದು ಬೇರೆಯೇ ಮಾತು. "ಹೋದ ವರ್ಷ ತೊಗರ್ಸಿ ಮಲ್ಲಿಕಾರ್ಜುನನ ಗುಡೀಗೆ ಎಲ್ರೂ ಹೋಗಿದ್ವಲ್ಲ, ಆವಾಗ ನೀವು ತೀರ್ಥ ಬ್ಯಾಡ ಅಂದ್ರಿ. ನಾನು ಮನಸಿನಾಗೆ ಬೇಜಾರು ಮಾಡ್ಕೊಂಡಿದ್ದೆ. ಈ ಟೀಚರ್‌ಗೆ ಎಷ್ಟು ಕೊಬ್ಬು ಅಂದ್ಕೊಂಡಿದ್ದೆ. ನೀವೂ ಇದೇ ಲೆಕ್ಕದಾಗೆ ಬ್ಯಾಡ ಅಂದಿದ್ರಿ ಅಲ್ಲನ?" ಟೀಚರ್, "ಹೌದು ಸರ್. ಆದ್ರೆ ಗುಡಿ ಬಿಟ್ಟು ಹೋಗಲಿಲ್ಲ, ಪೂಜೆ ಮುಗಿಯೋ ತನಕ ನಿಂತಿದ್ದೆ" ಅಂದರು. ಮೇಷ್ಟ್ರು ಜೋರಾಗಿ ನಕ್ಕುಬಿಟ್ಟರು. ಚರ್ಚಿನ ಅಂಗಳದಲ್ಲಿ, ಸಾವಿನ ಪೂಜೆಯ ದಿನ! ನನಗೆ ನಾಚಿಕೆಯಾಯಿತು. ಅವರಿಗೆ ಆಗಲಿಲ್ಲ.

ಅಂದಿನಿಂದ ಅವರದೊಂದು ಪದ್ಧತಿ ಆಯಿತು. ಕರೆದರೆ ಹೋಗಬೇಕು. ಮೊದಲಿನಿಂದ ಕೊನೆಯವರೆಗೆ ಕೂರಬೇಕು, ನಡುವೆ ಫೋನು ನೋಡಬಾರದು, ಎದ್ದು ಬರಬಾರದು. ನಮ್ಮದಲ್ಲದ್ದನ್ನು ಬಾಯಲ್ಲಿ ಹೇಳಬಾರದು, ಕೈಯಲ್ಲಿ ತೆಗೆದುಕೊಳ್ಳಬಾರದು. ಹಣೆಯ ಮೇಲಿನದನ್ನು ಒರೆಸಬಾರದು. ಆಮೇಲೆ ಊಟ ಹಾಕಿದರೆ ಊಟ ಮಾಡಬೇಕು. ಈ ಕೊನೆಯದರಲ್ಲಿ ಮಾತ್ರ ನಮಗೆ ಯಾರಿಗೂ ತಕರಾರು ಇರಲಿಲ್ಲ.

ರಂಜಾನ್ ಬಂತು. ಬುಡನ್ ಸಾಬರ ಜೊತೆ ಶಿಕಾರಿಪುರದಲ್ಲಿ ಈದ್ಗಾಕ್ಕೆ ಹೋದರು. ಅಲ್ಲಿಗೆ ನಾನು ಹೋಗಿರಲಿಲ್ಲ, ಬುಡನ್ ಸಾಬ್ ಹೇಳಿದ್ದು ಇದು. ಕೊನೆಯ ಸಾಲಿನ ಹಿಂದೆ, ಒಂದು ಬದಿಗೆ ನಿಂತರಂತೆ. ನಮಾಜು ಶುರುವಾಯಿತು. ಅಷ್ಟೂ ಜನ ಒಮ್ಮೆಲೇ ಸಜ್ದಾ ಮಾಡಿದರು, ಹಣೆ ನೆಲಕ್ಕೆ. ಇಡೀ ಮೈದಾನದಲ್ಲಿ ನಿಂತಿದ್ದದ್ದು ನಮ್ಮ ಮೇಷ್ಟ್ರು ಒಬ್ಬರೇ, ಕರೆಂಟ್ ಕಂಬದ ಹಾಗೆ! ಆಮೇಲೆ ಆಲಿಂಗನದ ಹೊತ್ತಿಗೆ, "ಸಾಬ್ರೆ, ನಿಮ್ಮ ದೇವರಿಗೆ ಇವತ್ತು ಎಲ್ಲರಿಗಿಂತ ಚೆಂದ ಕಂಡೋನು ನಾನೇ" ಅಂದರಂತೆ. ಬುಡನ್ ಸಾಬ್ ಈ ಕಥೆಯನ್ನು ನಗುತ್ತಲೇ ಹೇಳುತ್ತಿದ್ದರು. ಮೊನ್ನೆ ಹೇಳುವಾಗ ಅಳುತ್ತಿದ್ದರು.

ಇನ್ನು ಆ ಫೋಟೋದ ವಿಷಯ.

ಚರ್ಚಿನಲ್ಲಿ ಯಾರೋ ಫೋನಿನಲ್ಲಿ ಫೋಟೋ ತೆಗೆದಿದ್ದರು. ಕೆಟ್ಟ ಬುದ್ಧಿಯಿಂದ ಅಲ್ಲ, ಹೆಡ್‌ಮಾಸ್ಟರು ಬಂದಿದ್ದಾರೆ ಅನ್ನುವ ಖುಷಿಗೆ. ಮೇಷ್ಟ್ರು ಕೈ ಚಾಚಿದ್ದಾರೆ, ಎದುರಿಗೆ ಫಾದರ್. ಅಷ್ಟೇ ಇದೆ ಅದರಲ್ಲಿ. ಮುಂದಿನ ಕ್ಷಣದ ಫೋಟೋ ಇಲ್ಲ. ಖಾಲಿ ಕೈಯ ಫೋಟೋ ಯಾರು ತೆಗೆಯುತ್ತಾರೆ? ಅದು ಒಂದು ಫೋನಿನಿಂದ ಇನ್ನೊಂದಕ್ಕೆ ಹಾರಿ ಮೇಷ್ಟ್ರ ಊರಿನ ವಾಟ್ಸಾಪ್ ಗುಂಪಿಗೆ ಬಿತ್ತು. ಕೆಳಗೆ ಬರೆದದ್ದು: "ನಮ್ಮ ಧರ್ಮಪ್ಪ ಮೇಷ್ಟ್ರು ಜಾತಿ ಬಿಟ್ರು."

ಆಮೇಲೆ ಕೇಳಬೇಕೆ? ಕಡ್ಡಿಯನ್ನು ಗುಡ್ಡ ಮಾಡುವವರಿಗೆ ಬರಗಾಲವೇ? ಬೆಂಕಿ ಇಲ್ದೆ ಹೊಗೆ ಆಡ್ತದಾ ಅಂದರು ಒಬ್ಬರು. ದುಡ್ಡು ಬಂತಂತೆ ಅಂದರು ಇನ್ನೊಬ್ಬರು. ಹೆಸರು ಬದಲಾಯಿಸಿಕೊಂಡಿದ್ದಾರಂತೆ, ಹೊಸ ಹೆಸರು ಇಂಥದ್ದಂತೆ ಅಂದರು ಮತ್ತೊಬ್ಬರು. ಶಾಲೆಯ ಗೇಟಿನ ಹತ್ತಿರ ಬಂದು ಕೇಳಿದವರೂ ಇದ್ದಾರೆ. ನಾನು ಅವರಿಗೆ ಏನು ಹೇಳಿ ಕಳಿಸಿದೆ ಅನ್ನುವುದನ್ನು ಶ್ರದ್ಧಾಂಜಲಿ ಸಭೆಯಲ್ಲಿ ಹೇಳಲಾಗುವುದಿಲ್ಲ.

ಗುಡಿಯ ಯಜಮಾನರು ಆನಂದಪ್ಪನವರು, ಮೇಷ್ಟ್ರಿಗೆ ದೊಡ್ಡಪ್ಪನ ಮಗ, ಅಣ್ಣ ಆಗಬೇಕು. ಅವರೇ ಮೇಷ್ಟ್ರನ್ನು ಗುಡಿಕಟ್ಟೆಗೆ ಕರೆಸಿದರು. ಆನಂದಪ್ಪನವರೇ, ನೀವು ಈ ಸಭೆಗೆ ಬಂದಿದ್ದೀರಿ. ಅಲ್ಲಿ, ಕಂಬದ ಪಕ್ಕ ಕೂತಿದ್ದೀರಿ. ನಾನು ಹೇಳುವುದು ತಪ್ಪಿದ್ದರೆ ಅಲ್ಲೇ ನಿಲ್ಲಿಸಿ. ನೀವು ಕೇಳಿದಿರಿ: "ಏನ್ ಧರ್ಮಪ್ಪ, ಪ್ರಸಾದ ತಗಂಡ್ಯನ?" ಮೇಷ್ಟ್ರು ಹೇಳಿದರು: "ಇಲ್ಲಣ್ಣ, ಅವರು ಕೊಡ್ಲಿಲ್ಲ." ನೀವು, "ಹಂಗಾದ್ರೆ ಇನ್ಮೇಲೆ ಹೋಗಲ್ಲ ಅಂತ ಬೀರಪ್ಪನ ಮುಂದೆ ಭಂಡಾರ ಮುಟ್ಟಿ ಹೇಳು, ಇಲ್ಲಿಗೆ ಮುಗೀತು" ಅಂದಿರಿ.

ಎಷ್ಟು ಸುಲಭ ಇತ್ತು! ಒಂದು ಮಾತು. ಹೇಳಿ ಮನೆಗೆ ಬಂದು ಉಂಡು ಮಲಗಬಹುದಿತ್ತು. ಅವರು ಭಂಡಾರ ಮುಟ್ಟಲಿಲ್ಲ. "ಅಣ್ಣ, ಪ್ರಸಾದ ತಗಂಡಿಲ್ಲ ಅಂತ ಬೇಕಾದ್ರೆ ಮುಟ್ಟಿ ಹೇಳ್ತೀನಿ, ಅದು ನಿಜ. ಹೋಗಲ್ಲ ಅಂತ ಹೇಳಕ್ಕಾಗಲ್ಲ. ಅದು ಸುಳ್ಳಾಗ್ತದೆ. ನಾನು ಹೋಗ್ತೀನಿ" ಅಂದರು. ಹೋದರು ಕೂಡ. ಆ ವರ್ಷ ಶುಭ ಶುಕ್ರವಾರ ಮಧ್ಯಾಹ್ನ ಅಷ್ಟು ಬಿಸಿಲಿನಲ್ಲಿ ಮೂರು ತಾಸು ಆ ಪುಟ್ಟ ಚರ್ಚಿನಲ್ಲಿ ಕೂತಿದ್ದರು. ನಾನೂ ಕೂತಿದ್ದೆ. ಫ್ಯಾನು ಒಂದೇ ಇತ್ತು, ಅದೂ ನಮ್ಮ ಕಡೆ ತಿರುಗುತ್ತಿರಲಿಲ್ಲ.

ಈ ಜಾಗದಲ್ಲಿ ಭಾಷಣ ಮಾಡುವವರು ಈಸೂರಿನ ಹೆಸರು ತೆಗೆದು, ಸ್ವಾತಂತ್ರ್ಯ ಹೋರಾಟದ ಮಣ್ಣು ಅಂತ ಎರಡು ಮಾತು ಹೇಳಿ ಚಪ್ಪಾಳೆ ತೆಗೆದುಕೊಳ್ಳುವುದು ನಮ್ಮ ತಾಲ್ಲೂಕಿನ ರೂಢಿ. ನಾನು ಹಾಗೆ ಮಾಡುವುದಿಲ್ಲ. ದೊಡ್ಡವರು ದೊಡ್ಡದು ಮಾಡಿದರು. ನಮ್ಮ ಮೇಷ್ಟ್ರು ಮಾಡಿದ್ದು ಸಣ್ಣದು, ಕರೆದವರ ಮನೆಗೆ ಹೋದರು. ಅಷ್ಟಕ್ಕೇ ಇಷ್ಟು ಧೈರ್ಯ ಬೇಕಾಯಿತು ಅನ್ನುವುದು ನನ್ನ ಹೊಟ್ಟೆ ಉರಿಸುತ್ತದೆ.

ಹೋದ ತಿಂಗಳು ಎದೆನೋವು ಬಂತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವ ದಾರಿಯಲ್ಲಿ ಹೋಗಿಬಿಟ್ಟರು. — ಕ್ಷಮಿಸಿ. ಒಂದು ನಿಮಿಷ. — ನೀರು ಬೇಡ, ಸರಿ ಇದ್ದೇನೆ.

ಊರಿನಲ್ಲಿ ಮಣ್ಣು ಮಾಡಿದರು. ಥೆರೇಸಾ ಟೀಚರ್, ಬುಡನ್ ಸಾಬ್ ಇಬ್ಬರೂ ಬಂದಿದ್ದರು. ಪೂಜೆ, ಡೊಳ್ಳು, ಎಲ್ಲ ನಡೆಯುವಾಗಲೂ ಚಪ್ಪಲಿ ಬಿಟ್ಟು ಬದುವಿನ ಮೇಲೆ ನಿಂತಿದ್ದರು. ಹಿಡಿ ಮಣ್ಣು ಹಾಕುವ ಹೊತ್ತು ಬಂತು. ಇಬ್ಬರೂ ಮುಂದೆ ಬರಲಿಲ್ಲ. ಇವರಲ್ಲಿ ಏನು ಪದ್ಧತಿಯೋ, ನಾವು ಹಾಕಿದರೆ ಅಕ್ಕನಿಗೆ ತೊಂದರೆ ಆಗಬಹುದೋ ಅಂತ. ಯಾರೂ ಹಾಕಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದರು. ಆಗ ಉಚ್ಚಂಗಮ್ಮಕ್ಕ ಆ ಅಳುವಿನಲ್ಲೂ ತಲೆ ಎತ್ತಿ, "ಸಾಬ್ರೆ, ಟೀಚರಮ್ಮ, ಬರ್ರಿ. ಅವರು ನಿಮ್ಮಲ್ಲಿಗೆ ಬಂದಾಗ ಯಾರಾದ್ರೂ ತಡೆದ್ರನ?" ಅಂದರು. ಇಬ್ಬರೂ ಬಂದು ಹಾಕಿದರು. ಥೆರೇಸಾ ಟೀಚರ್ ಶಿಲುಬೆಯ ಗುರುತು ಮಾಡಲಿಲ್ಲ. ಯಾಕೆ ಅಂತ ನನಗೆ ಗೊತ್ತು, ಅದರದ್ದೂ ಒಂದು ಫೋಟೋ ಊರಿನ ಗುಂಪಿಗೆ ಬೀಳಬಾರದು ಅಂತ. ಬಸ್ಸಿನಲ್ಲಿ ಕೂತ ಮೇಲೆ ಮಾಡಿಕೊಂಡರು, ಕಿಟಕಿ ಕಡೆ ತಿರುಗಿ.

ಅದಾದ ಮೇಲೆ ತಪ್ಪುಗಾಯಿಯ ಮಾತು ಬಂತು.

ಹೋದ ವಾರ ನಾನು ಅಕ್ಕನ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಕೂತಿದ್ದೆವು. ಉದಯ ಬಾಗಿಲಿಗೆ ಒರಗಿ ನಿಂತಿದ್ದ. ಉದಯ, ಬೇಜಾರು ಮಾಡಿಕೊಳ್ಳಬೇಡಪ್ಪ, ನೀನು ಅಂದದ್ದನ್ನು ಹೇಳುತ್ತೇನೆ, ಯಾಕೆಂದರೆ ಅದು ತಪ್ಪು ಮಾತಲ್ಲ. ನೀನು, "ಅಮ್ಮ, ಒಂದು ಕಾಯಿ ತಾನೆ? ಒಡೆದು ಮುಗಿಸಿಬಿಡಾಣ. ನಾವು ಇದೇ ಊರಾಗೆ ಬಾಳಬೇಕು. ನಾಳೆ ನಾಗಶ್ರೀ ಮದುವೆ ಅಂದ್ರೆ ಇವರೇ ಬರಬೇಕು. ಅಪ್ಪನ್ನ ಹಿರೇರ ಸಾಲಿಗೆ ಸೇರಿಸ್ದೆ ಹಂಗೇ ಬಿಟ್ರೆ ನನಗೆ ನಿದ್ದೆ ಬರಲ್ಲ" ಅಂದೆ. ಅಪ್ಪನ ಮೇಲೆ ಪ್ರೀತಿ ಇಲ್ಲದ ಮಗನ ಮಾತಲ್ಲ ಇದು. ಕಾಯಿ ಹಿಡಿಯಬೇಕಾದವನು ಅವನು. ಅತ್ತ ದರಿ ಇತ್ತ ಪುಲಿ ಅವನಿಗೆ.

ಅಕ್ಕ ಒಲೆಯ ಕಡೆ ನೋಡುತ್ತಲೇ ಹೇಳಿದರು. ಅಕ್ಕ, ನಿಮ್ಮ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇನೆ. "ಕಾಯಿ ಹೋದ್ರೆ ಹೋಗ್ಲಿ ಮಗನೆ, ಮನೇಲಿ ಕಾಯಿಗೇನು ಬರನ? ಆದ್ರೆ ಅದನ್ನ ಒಡೆಯೋವಾಗ ಬಾಯಲ್ಲಿ ತಪ್ಪಾಯ್ತು ಅನ್ಬೇಕು. ನಿಮ್ಮಪ್ಪ ಬದುಕಿರೋವಾಗ ಅದೊಂದು ಮಾತು ಅನ್ಲಿಲ್ಲ. ಅಂದಿದ್ರೆ ಸುಖವಾಗಿರ್ತಿದ್ರು. ಅವರು ಅನ್ನದೇ ಇದ್ದ ಮಾತನ್ನ, ಅವರು ಸತ್ತ ಮೇಲೆ ಅವರ ಬಾಯಿಗೆ ನಾವು ತುರುಕಾದ? ಅವರು ಹಿರೇರಾದ್ರೂ ಆ ಎಡೆ ಮುಟ್ಟಲ್ಲ ನೋಡು."

ನಾನು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಇಷ್ಟು ನೇರವಾಗಿ ಒಂದು ಲೆಕ್ಕವನ್ನೂ ಬಿಡಿಸಿಲ್ಲ. ಅಕ್ಕ ಎದ್ದು ನನಗೆ ಇನ್ನೊಂದು ಲೋಟ ಚಹ ಕೊಟ್ಟರು.

ಆನಂದಪ್ಪನವರೇ, ಈಗ ನಿಮ್ಮ ಹತ್ತಿರ ನೇರ ಮಾತು. ನಿಮ್ಮ ಮೇಲೆ ನನಗೆ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನೀವು ಇವತ್ತು ಬಂದಿರಿ. ತಮ್ಮನ ಸಾವಿಗೆ ನೀವೂ ಕುಗ್ಗಿದ್ದೀರಿ, ನೋಡಿದರೆ ಗೊತ್ತಾಗುತ್ತದೆ. ಗುಡಿ ಕೆಡಬಾರದು, ಕುಲದ ಪದ್ಧತಿ ಕೆಡಬಾರದು ಅನ್ನುವುದು ನಿಮ್ಮ ಚಿಂತೆ. ಸರಿ. ನಾನೇ ಸಾಕ್ಷಿ ಹೇಳುತ್ತೇನೆ, ಬೇಕಾದರೆ ನಿಮ್ಮ ಗುಡಿಕಟ್ಟೆಗೂ ಬಂದು ಹೇಳುತ್ತೇನೆ — ಮೇಷ್ಟ್ರು ಆ ಬಿಲ್ಲೆ ತೆಗೆದುಕೊಳ್ಳಲಿಲ್ಲ. ಬೀರಪ್ಪನನ್ನು ಬಿಡಲಿಲ್ಲ. ಆ ಚರ್ಚಿನ ಫಾದರ್ ಅವರ ಹಣೆ ಮೇಲಿನ ಭಂಡಾರ ನೋಡಿ, ಇವರು ಇನ್ನೊಬ್ಬ ದೇವರ ಒಕ್ಕಲು ಅಂತ ಮರ್ಯಾದೆ ಕೊಟ್ಟು ಕಳಿಸಿದರು. ಪರವೂರಿನ ಆ ಫಾದರ್‌ಗೆ ಅರ್ಥವಾದದ್ದು ಅಣ್ಣನಾದ ನಿಮಗೆ ಅರ್ಥವಾಗಬೇಡವೇ?

ಆದರೆ ಇಷ್ಟಕ್ಕೇ ಬಿಟ್ಟರೆ ನಾನು ಮೇಷ್ಟ್ರಿಗೆ ಮೋಸ ಮಾಡಿದ ಹಾಗೆ. ತಗೊಂಡಿಲ್ಲ, ಹಾಗಾಗಿ ತಪ್ಪಿಲ್ಲ ಅಂತ ನಾನು ವಾದ ಮಾಡುತ್ತಿಲ್ಲ. ಹೋದದ್ದೇ ತಪ್ಪಲ್ಲ. ತಾಯಿ ಸತ್ತ ಹೆಣ್ಣುಮಗಳ ಪಕ್ಕ ಅವಳ ದೇವರ ಮನೆಯಲ್ಲಿ ಕೂರುವುದು ತಪ್ಪಲ್ಲ. ಸ್ನೇಹಿತ ಹಣೆ ನೆಲಕ್ಕೆ ಹಚ್ಚುವಾಗ ಅವನ ಹಿಂದೆ ನಿಲ್ಲುವುದು ತಪ್ಪಲ್ಲ. ಇದನ್ನು ತಪ್ಪು ಅಂತ ಒಪ್ಪಿಕೊಂಡರೆ ನಾಳೆ ನಮ್ಮ ಗಣಪತಿಗೆ ಥೆರೇಸಾ ಟೀಚರ್ ರಂಗೋಲಿ ಹಾಕುವುದಕ್ಕೂ ನಾವು ಮುಖ ಎತ್ತಿ ಕರೆಯುವ ಹಾಗಿಲ್ಲ.

ಉಚ್ಚಂಗಮ್ಮಕ್ಕ ಸೋಮವಾರ ಎಡೆ ಹಾಕುತ್ತಾರೆ. ನೀವು ಭಂಡಾರ ಕೊಟ್ಟರೆ ಸಂತೋಷ. ಕೊಡದಿದ್ದರೆ ಮೇಷ್ಟ್ರ ಮೇಜಿನಲ್ಲಿ ಅವರು ಇಟ್ಟುಕೊಂಡಿದ್ದ ಭಂಡಾರದ ಪೊಟ್ಟಣ ಇದೆ, ಅದನ್ನೇ ತರುತ್ತೇನೆ. ನಮ್ಮ ಶಾಲೆಯವರು ಎಲ್ಲರೂ ಬರುತ್ತೇವೆ. ಊಟದ ಹೊತ್ತಿಗಲ್ಲ, ಬೆಳಿಗ್ಗೆ ಪೂಜೆಗೇ ಬರುತ್ತೇವೆ. ಥೆರೇಸಾ ಟೀಚರ್, ಬುಡನ್ ಸಾಬ್ ಬರುತ್ತಾರೆ, ಕೊನೆಯವರೆಗೆ ಕೂರುತ್ತಾರೆ. ಮತ್ತು ಮುಂದಿನ ಭಾನುವಾರ ಆ ಚರ್ಚಿನಲ್ಲಿ ಮೇಷ್ಟ್ರಿಗಾಗಿ ಪ್ರಾರ್ಥನೆ ಇದೆ, ನಾನು ಹೋಗುತ್ತೇನೆ. ಫೋಟೋ ತೆಗೆಯುವವರು ತೆಗೆಯಲಿ. ಸೀರೆಯ ಬಣ್ಣ ಮೊದಲೇ ಹೇಳಲಾ?

ಮಾತು ಮುಗಿಸುತ್ತೇನೆ. ಸಭೆಯ ಕೊನೆಗೆ ಎಲ್ಲರೂ ಎದ್ದು ಮೌನ ಆಚರಿಸುವುದು ಪದ್ಧತಿ. ಆದರೆ ಇವತ್ತು ಬರೀ ಮರ್ಯಾದೆಗೆ ಏಳಬೇಡಿ. ಪಕ್ಕದವರು ಎದ್ದರು ಅಂತಲೂ ಏಳಬೇಡಿ. ಧರ್ಮಪ್ಪ ಮೇಷ್ಟ್ರು ತಪ್ಪು ಮಾಡಲಿಲ್ಲ ಅಂತ ನಿಮ್ಮ ಮನಸ್ಸು ಹೇಳಿದರೆ ಮಾತ್ರ ಏಳಿ. ಹೇಳದಿದ್ದರೆ ಕೂತಿರಿ. ಕೂತವರನ್ನು ಯಾರೂ ಏನೂ ಅನ್ನಕೂಡದು. ಅವರೂ ಮೇಷ್ಟ್ರಿಗಾಗಿಯೇ ಬಂದವರು.

ನಾನು ಕಣ್ಣು ಮುಚ್ಚುವುದಿಲ್ಲ. ನೋಡುತ್ತೇನೆ.

ಏಳಿ.

— ಟೀಚರ್... ಸಾಬ್ರೇ... ಮಕ್ಕಳೆಲ್ಲ ಎದ್ದಿರಿ, ಒಳ್ಳೆಯದು. ಆನಂದಪ್ಪನವರೇ, ನೀವು ಕೂತಿದ್ದೀರಿ. ಕೂತಿರಿ. ತೊಂದರೆ ಇಲ್ಲ, ಸೋಮವಾರ ಇನ್ನೂ ಬಂದಿಲ್ಲ.

ಅಕ್ಕ, ನೀವು ತಲೆ ತಗ್ಗಿಸಿ ನಿಂತಿದ್ದೀರಿ. ಒಂದು ಸಲ ಪಕ್ಕಕ್ಕೆ ತಿರುಗಿ ನೋಡಿ. ಉದಯ ಎದ್ದಿದ್ದಾನೆ.

ಇನ್ನು ಯಾರೂ ಮಾತಾಡಬೇಡಿ.